ಕೈ ಬೇರೆ, ಸರೋವರ ಬೇರೆ

ಬುರುಲ್ಚಾಳ ಕಣ್ಣು ಹೋದದ್ದು ನಲವತ್ತನಾಲ್ಕನೇ ವಯಸ್ಸಿನಲ್ಲಿ. ಕಣ್ಣೊಳಗಿನ ಒತ್ತಡ ಎರಡು ಚಳಿಗಾಲಗಳಲ್ಲಿ ನೋಟವನ್ನು ಅಂಚಿನಿಂದ ತಿನ್ನುತ್ತ ಬಂದು, ಕಡೆಗೆ ಕಿಟಕಿ ಯಾವ ಕಡೆಗಿದೆ ಎಂಬುದನ್ನಷ್ಟೇ ಉಳಿಸಿತು. ಬಾಲಿಕ್ಚಿ ಊರಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಕಿರ್ಗಿಜ್ ಭಾಷೆ ಕಲಿಸಿದವಳು ಅವಳು. ಕಾಗುಣಿತ ತಪ್ಪಿದ್ದರೆ ಅಂಗಡಿಯ ಫಲಕವನ್ನೂ ಬಿಡುತ್ತಿರಲಿಲ್ಲ; ಮಾಲೀಕನನ್ನು ಬೀದಿಗೆ ಕರೆದು ತೋರಿಸುತ್ತಿದ್ದಳು.

ಶಾಲೆಯವರು ಹೂಗುಚ್ಛ ಕೊಟ್ಟು, ಮೇಜಿನ ತುಂಬ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಣುಕುಗಳನ್ನು ಸುರಿದು ಬೀಳ್ಕೊಟ್ಟರು. ಮುಖ್ಯೋಪಾಧ್ಯಾಯ ಸಾಗಿನ್ ಎದ್ದು, ಶಿಕ್ಷಕಿಯನ್ನು 'ಅಕ್ಕ' ಎಂದು ಕರೆಯುವ ಅಲ್ಲಿನ ರೂಢಿಯಂತೆ, "ಎಜೆ, ಇನ್ನು ನೀವು ಮನೇಲಿ ಆರಾಮಾಗಿ ಚಹಾ ಕುಡ್ಕೊಂಡಿರಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬುರುಲ್ಚಾ ತಟ್ಟಲಿಲ್ಲ.

ಮನೆಗೆ ಬಂದವಳೇ ಹೂವನ್ನು ಗಂಡ ಜೊಲ್ದೊಶ್‌ನ ಮಡಿಲಿಗೆ ಎಸೆದಳು. "ಎಣಿಸು. ಸಮಸಂಖ್ಯೆ ಇದ್ರೆ ಹೆಣಕ್ಕೆ ಅಂತ ಕೊಟ್ಟಿದ್ದು."

ಅವನು ಎಣಿಸಿದ. "ಏಳಿದೆ ಕಣೆ. ಇನ್ನೂ ಬದುಕಿದ್ದೀಯ."

"ಹಾಗಿದ್ರೆ ಚಹಾ ನೀನೇ ಕುಡಿ."

ಅಂಧರ ಸಂಘದ ಕೋಣೆ ಬಸ್ ನಿಲ್ದಾಣದ ಹಿಂದೆ ಇತ್ತು. ಅಲ್ಲಿ ಬ್ರೈಲ್ ಕಲಿಸುವವಳು ಕುಂದುಜ್. ಹುಟ್ಟಿನಿಂದಲೇ ಕಣ್ಣಿಲ್ಲ, ಇಪ್ಪತ್ತಾರರ ಹುಡುಗಿ, ನಾಲಿಗೆ ಬಲು ಚುರುಕು. ಕಂಪ್ಯೂಟರಿನ ಆರು ಕೀಲಿಗಳೇ ಬ್ರೈಲ್‌ನ ಆರು ಚುಕ್ಕಿಗಳು. ಎಡಗೈಗೆ ಮೂರು, ಬಲಗೈಗೆ ಮೂರು. ಬೇಕಾದವನ್ನು ಒಟ್ಟಿಗೆ ಒತ್ತಿದರೆ ತಂತ್ರಾಂಶ ಆ ಅಕ್ಷರವನ್ನು ಕೂಗಿ ಹೇಳುತ್ತಿತ್ತು. ಬರೆಯುವುದು ಮೂರೇ ವಾರದಲ್ಲಿ ಕೈಗೆ ಹತ್ತಿತು. ಓದುವುದು ಹತ್ತಲಿಲ್ಲ. ಕೀಲಿಮಣೆಯ ಮುಂದೆ ಒಂದು ಪಟ್ಟಿ; ಅದರ ಮೇಲೆ ಸಣ್ಣ ಚುಕ್ಕಿಗಳು ಎದ್ದು ಸಾಲು ಮೂಡಿಸಿ, ಮತ್ತೆ ತಗ್ಗಿ, ಮುಂದಿನ ಸಾಲಿಗೆ ಏಳುತ್ತಿದ್ದವು. ಚಿಕ್ಕಂದಿನಿಂದ ಉಣ್ಣೆಯ ಜಮಖಾನೆ ಹೊಲಿದು ದಡ್ಡುಗಟ್ಟಿದ ಅವಳ ಬೆರಳಿಗೆ ಎಲ್ಲವೂ ಬರೀ ಮರಳು.

"ಇದು ಬೆರಳೋ, ಕುದುರೆ ಗೊರಸೋ?" ಎಂದಳು ಕುಂದುಜ್.

"ಗೊರಸೇ. ಒದೀತದೆ, ಹುಷಾರು."

"ಹಾಗಾದ್ರೆ ಎಡಗೈ ಕೊಡಿ ಎಜೆ. ಅದಿನ್ನೂ ಮರಿ ಇರ್ಬೇಕು."

ಎಡಗೈಯ ತೋರುಬೆರಳಿಗೆ ಓದು ಹತ್ತಲು ಐದು ತಿಂಗಳು ಹಿಡಿಯಿತು. ಒಂದು ದಿನ ತಲೆಕೆಟ್ಟು ಪಾಠದ ನಡುವೆಯೇ ಎದ್ದು ಮನೆಗೆ ಹೋದಳು. ಮರುದಿನ ಕುಂದುಜ್ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿದ್ದಳು.

ತಂತ್ರಾಂಶದ ದನಿ ರಷ್ಯನ್ನರದು. ಕಿರ್ಗಿಜ್‌ನಲ್ಲಿ 'ಕೊಲ್' ಎಂದರೆ ಕೈ. ತುಟಿ ಚೂಪು ಮಾಡಿ 'ಕ್ಯೊಲ್' ಎಂದರೆ ಸರೋವರ. ರಷ್ಯನ್‌ನಲ್ಲಿ ಆ ಅಕ್ಷರವೇ ಇಲ್ಲ; ಆ ದನಿಗೆ ಎರಡೂ ಕೈಯೇ. ಊರಂಚಿಗೇ ಅಲೆ ಬಡಿಯುವ ಇಸ್ಸಿಕ್‌ಕ್ಯೊಲ್, ಆ ಬಿಸಿ ಸರೋವರ, ಅದರ ಬಾಯಲ್ಲಿ ಬಿಸಿ ಕೈ ಆಗಿಬಿಡುತ್ತಿತ್ತು.

"ಮಕ್ಕಳು ಕೈಯೊಳಗೆ ಈಜೋಕೆ ಹೋದ್ರು ಅನ್ನತ್ತಲ್ಲೇ ಇದು!" ಬುರುಲ್ಚಾ ಮೇಜು ಗುದ್ದಿದಳು. ಬೆರಳಿಗೆ ಮಾತ್ರ ಆ ಮೋಸವಿರಲಿಲ್ಲ. ಎರಡಕ್ಕೂ ಚುಕ್ಕಿಗಳು ಬೇರೆ ಬೇರೆ. ಮತ್ತೆ ಶಾಲೆಗೆ ಹೋಗಿ ಕಲಿಸುವುದೆಂದು ಅಂದೇ ಅವಳು ನಿರ್ಧರಿಸಿದಳು.

ಸಂಘದ ಕಂಪ್ಯೂಟರನ್ನೂ ಚುಕ್ಕಿಪಟ್ಟಿಯನ್ನೂ ಕೇಳಿ ತಂದು, ಶಿಕ್ಷಕರ ಕೋಣೆಯಲ್ಲಿ ಸಾಗಿನ್‌ನ ಮುಂದೆ ಇಟ್ಟಳು.

"ಎಜೆ, ಈಗ ಕಂಪ್ಯೂಟರೇ ಓದಿ ಹೇಳತ್ತಂತಲ್ಲ, ಈ ಚುಕ್ಕಿ ಯಾಕೆ?" ಎಂದ ಅವನು. "ಅಷ್ಟಕ್ಕೂ ಕಿವೀಲಿ ಕೇಳಿ ಕಾಗುಣಿತ ಹೆಂಗೆ ತಿದ್ತೀರಿ?"

"ಕಿವೀಲಿ ತಿದ್ತೀನಿ ಅಂತ ಯಾರಂದ್ರು? ಅಗಾಯ್, ಮೇಷ್ಟ್ರೇ, ನೀವೇ ನಾಲ್ಕು ಸಾಲು ಟೈಪ್ ಮಾಡಿ. ಬೇಕಂತಲೇ ತಪ್ಪು ಹಾಕಿ. ನಾನು ದನಿ ಮುಚ್ತೀನಿ."

ಸಾಗಿನ್ ಟೈಪ್ ಮಾಡಿದ. ಶಿಕ್ಷಕರೆಲ್ಲ ಸುತ್ತ ನೆರೆದರು. ಅವಳ ಬೆರಳು ನಿಧಾನ ಸರಿಯಿತು, ಹಿಂದೆ ಬಂತು, ಮತ್ತೆ ಸರಿಯಿತು. ಯಾರೋ ಕೆಮ್ಮಿದರು.

"ನಾಲ್ಕು ತಪ್ಪು," ಎಂದಳು.

"ಮೂರು ಎಜೆ." ಸಾಗಿನ್‌ನ ದನಿಯಲ್ಲಿ ಕನಿಕರವಿತ್ತು.

"ನಾಲ್ಕು. ಕಡೇ ಸಾಲು ನೋಡಿ. ಬೆಸ್ತರು ಬೆಳಗ್ಗೇನೇ ಕೈಗೆ ಇಳಿದರು ಅಂತ ಬರ್ದಿದ್ದೀರಿ."

ರಷ್ಯನ್ ಕೀಲಿಗಳಿಗೆ ಪಳಗಿದ ಅವನ ಬೆರಳು ತನಗೆ ಗೊತ್ತಿಲ್ಲದೆಯೇ ಸರೋವರವನ್ನು ಕೈ ಮಾಡಿತ್ತು. ಕೋಣೆ ಗೊಳ್ಳೆಂದು ನಕ್ಕಿತು. ಸಾಗಿನ್‌ನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಬುರುಲ್ಚಾಗೆ ಕೇಳಿಸಿತು.

"ಇದು ಶಾಲೆ, ಸರ್ಕಸ್ ಅಲ್ಲ! ನಿಯಮ ಅಂತ ಒಂದಿದೆ."

"ಆ ನಿಯಮ ಬರೆದುಕೊಡಿ. ನಂಗೆ ಯಾಕೆ ಪಾಠ ಕೊಡಲ್ಲ ಅಂತ ಸಹಿ ಹಾಕಿ ಕೊಡಿ. ಅದ್ರಲ್ಲೂ ತಪ್ಪಿದ್ರೆ ತಿದ್ದಿ ವಾಪಸ್ ತರ್ತೀನಿ."

ಅವನು ಬರೆದುಕೊಡಲಿಲ್ಲ. ಅವಳೂ ಬಿಡಲಿಲ್ಲ. ಹನ್ನೊಂದು ದಿನ ಬೆಳಗ್ಗೆ ಎಂಟಕ್ಕೆ ಬಂದು ಅವನ ಕೋಣೆಯ ಹೊರಗಿನ ಕುರ್ಚಿಯಲ್ಲಿ ಕೂತಳು. ಹೋಗಿಬರುವ ಮಕ್ಕಳೆಲ್ಲ ನಿಂತು ನಮಸ್ಕರಿಸುತ್ತಿದ್ದರು, ಒಳಗಿದ್ದವನಿಗೆ ಅದಷ್ಟೂ ಕೇಳಿಸುತ್ತಿತ್ತು. ಹನ್ನೆರಡನೇ ದಿನ ಏಳನೇ ತರಗತಿಯ ಎರಡು ಪಾಠ ಸಿಕ್ಕಿತು, ಅದೂ ಪರೀಕ್ಷಾರ್ಥವಾಗಿ.

ಮೊದಲ ಉಕ್ತಲೇಖನವನ್ನು ಮಕ್ಕಳು ಕಂಪ್ಯೂಟರಿನಲ್ಲೇ ಬರೆದರು. ಇಪ್ಪತ್ತಮೂರು ಜನರದ್ದನ್ನು ತಿದ್ದಲು ಅವಳಿಗೆ ನಾಲ್ಕು ದಿನ ಬೇಕಾಯಿತು. ಮೊದಲಾಗಿದ್ದರೆ ಒಂದು ಸಂಜೆಯ ಕೆಲಸ. ಬೆರಳ ತುದಿ ಉರಿಯಿತು. ಒಬ್ಬ ಹುಡುಗಿ ಕೊನೆಯಲ್ಲಿ, ಪರೀಕ್ಷಿಸಲೆಂದೇ, 'ಎಜೆಗೆ ಕಾಣಲ್ಲ' ಎಂದು ಸೇರಿಸಿದ್ದಳು.

ಬುರುಲ್ಚಾ ಅವಳನ್ನು ಎಬ್ಬಿಸಿದಳು. "ಕಾಣಲ್ಲ, ನಿಜ. ಆದ್ರೆ ಅದನ್ನ ಬರೆಯೋವಾಗ ಒಂದಕ್ಷರ ತಪ್ಪಿದ್ದೀಯ. ಹತ್ತು ಸಲ ಸರಿಯಾಗಿ ಬರಿ."

ಮರುವರ್ಷ ಅವಳಿಗೆ ಪೂರ್ತಿ ಕೆಲಸ ಸಿಕ್ಕಿತು. ತರಗತಿಯ ಬಾಗಿಲಿಗೆ ತನ್ನ ಹೆಸರನ್ನು ಚುಕ್ಕಿಗಳಲ್ಲಿ ಒತ್ತಿದ ಪಟ್ಟಿ ಅಂಟಿಸಿದಳು. ಎರಡು ಸಲ ಯಾರೋ ಕಿತ್ತರು. ಮೂರನೇ ಸಲ ಜೊಲ್ದೊಶ್ ಕೈಲಿ ಬಡಗಿಯ ಅಂಟು ತರಿಸಿದಳು. ಈಗ ಅದನ್ನು ಕೀಳಬೇಕೆಂದರೆ ಬಾಗಿಲಿನ ಹಲಗೆಯನ್ನೂ ಕೀಳಬೇಕು.