ಸಿರಿಲ್ ಅಂಕಲ್ ಹಾಕಲೊಪ್ಪದ ಬ್ರೇಕರ್

ಇಲ್ಲಿ ಪರ್ತಿನ ಮೋರ್ಲಿ ಬಡಾವಣೆಯ ಸಿರಿಲ್ ಅಂಕಲ್ ಮೇಲೆ ನಾನು ಕೂಗಾಡಿದ್ದು ಒಂದೇ ಸಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ಜುಲೈನಲ್ಲಿ ನನ್ನ ಹೆಂಡತಿ ಸಿಂಚನಾಗೆ ಎಂಟನೇ ತಿಂಗಳು. ಅವಳ ತಾಯಿ ಇಲ್ಲ, ಹಾಗಾಗಿ ಬಾಣಂತನಕ್ಕೆಂದು ದಾವಣಗೆರೆಯಿಂದ ನನ್ನಮ್ಮ ಇಂದಿರಮ್ಮ ಬಂದಿದ್ದರು. ಜುಲೈ ಅಂದರೆ ಪರ್ತಿನಲ್ಲಿ ಚಳಿಗಾಲ; ಕ್ಯಾನಿಂಗ್ಟನ್ ಬಡಾವಣೆಯ ನಮ್ಮ ಹಳೇ ಇಟ್ಟಿಗೆ ಮನೆಯೊಳಗೆ ಬೀದಿಗಿಂತ ಹೆಚ್ಚು ಚಳಿ. ನಾಲ್ಕೇ ದಿನಕ್ಕೆ ಅಮ್ಮನ ಎದೆ ಕಟ್ಟಿತು. "ಬಾಣಂತನ ಮಾಡೋಕೆ ಬಂದವಳು ನಾನೇ ಹಾಸಿಗೆ ಹಿಡಿದ್ರೆ ಅವಳನ್ನ ನೋಡೋರ್ಯಾರು? ಮುಂದಿನ ಭಾನುವಾರಕ್ಕೆ ಟಿಕೆಟ್ ಮಾಡ್ಸು ಭರತೇಶ" ಅಂದರು. ಮಾಡಿಸಿದೆ. ಸಿಂಚನಾ ಬಚ್ಚಲಿಗೆ ಹೋಗಿ ಅತ್ತು ಬಂದಳು.

ನಾನು ಸುಮ್ಮನೆ ಕೂತಿರಲಿಲ್ಲ. ಇಡೀ ಮನೆಗೆ ಬಿಸಿಗಾಳಿ ಊದುವ ಎಲೆಕ್ಟ್ರಿಕ್ ಫರ್ನೇಸ್ ಒಂದನ್ನು ಅಡಿಲೇಡ್‌ನಿಂದ ತರಿಸಿ, ಪರಿಚಯದವರೊಬ್ಬರ ಕೈಲಿ ಹಳೇ ಎಸಿಯ ಲೈನಿಗೇ ಹಾಕಿಸಿದ್ದೆ. ಅದೋ, ಐದು ನಿಮಿಷ ಉರಿಯುವುದು, ಬ್ರೇಕರ್ ಬಿದ್ದು ಕರೆಂಟ್ ಹೋಗುವುದು. ಕೊನೆಗೆ ಅಂಕಲ್‌ಗೆ ಫೋನ್ ಮಾಡಿದೆ.

ಅಂಕಲ್ ಕರಾವಳಿಯ ಶಿರ್ವದವರು. ಕುವೈತಿನಲ್ಲಿ ಹತ್ತೊಂಬತ್ತು ವರ್ಷ ವೈರಿಂಗ್ ಮಾಡಿ, ಇಲ್ಲಿಗೆ ಬಂದ ಮೇಲೆ ನಲವತ್ತಾರನೇ ವಯಸ್ಸಿನಲ್ಲಿ ಇಪ್ಪತ್ತರ ಹುಡುಗರ ಪಕ್ಕ ಕೂತು ಮತ್ತೆ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡ ಮನುಷ್ಯ. ನಮ್ಮವರ ಮನೆಗಳಲ್ಲಿ ಎಲ್ಲೇ ಸ್ವಿಚ್ ಕೆಟ್ಟರೂ ಅವರೇ ಬೇಕು. ಕೆಲಸ ಮುಗಿದರೂ ಹೋಗುವುದಿಲ್ಲ. ಎಲ್ಲವನ್ನೂ ಆನ್ ಮಾಡಿ ಲೋಡ್ ಹಾಕಿ, ವೈರ್ ಬಿಸಿಯಾಗುವುದೋ ನೋಡಲು ಒಂದು ಗಂಟೆ ಬೋರ್ಡಿನ ಮುಂದೆ ಸ್ಟೂಲ್ ಹಾಕಿ ಕೂರುತ್ತಾರೆ.

ಬೋರ್ಡ್ ತೆಗೆದು ನೋಡಿದವರೇ ತಲೆಯಾಡಿಸಿದರು. "ಈ ಫರ್ನೇಸ್ ಒಂಬತ್ತು ಕಿಲೋವ್ಯಾಟ್, ಅಂದ್ರೆ ಮೂವತ್ತೊಂಬತ್ತು ಆಂಪ್ಸ್ ಎಳೀತದೆ. ಇಲ್ಲಿರುದು ಇಪ್ಪತ್ತೈದರ ಬ್ರೇಕರ್."

"ಐವತ್ತರದು ಹಾಕ್ಬಿಡಿ ಅಂಕಲ್."

"ಬ್ರೇಕರ್ ಇರುದು ಹೀಟರ್ ಕಾಯ್ಲಿಕ್ಕೆ ಅಲ್ಲ ಮಾರಾಯ, ವೈರ್ ಕಾಯ್ಲಿಕ್ಕೆ. ಈ ಸಣ್ಣ ವೈರಿಗೆ ಐವತ್ತರದ್ದು ಹಾಕಿದ್ರೆ ಬ್ರೇಕರ್ ಬೀಳುದಿಲ್ಲ, ಗೋಡೆಯೊಳಗೆ ವೈರೇ ಉರೀತದೆ. ಹದಿನಾರು ಎಂಎಂನ ದಪ್ಪ ಕೇಬಲ್ ಎಳೀಬೇಕು. ಶನಿವಾರ ಆಗ್ತದೆ."

"ಅಲ್ಲಿವರೆಗೆ ಅಡ್ಜಸ್ಟ್ ಮಾಡಿ."

"ಆಗುದಿಲ್ಲ."

ನನ್ನ ತಲೆ ಕೆಟ್ಟಿತು. "ನಿಮ್ಮ ಮನೆಯವರು ಚಳೀಲಿ ನರಳ್ತಿದ್ರೆ ಹೀಗೇ ರೂಲ್ಸ್ ಹೇಳ್ತಿದ್ರಾ?" ಎಂದು ಕೂಗಿದೆ. ಅವರು ಬೋರ್ಡ್ ಮುಚ್ಚಿ, ಫರ್ನೇಸಿನ ಲೈನ್ ಬಂದ್ ಮಾಡಿ ಹೊರಟುಹೋದರು.

ಸಂಜೆ ಅವರ ಹೆಂಡತಿ ಪೆಟ್ರೋನಿಲ್ಲಾ ಆಂಟಿ ಕಾರಿನಲ್ಲಿ ಬಂದರು. ಅಮ್ಮನ ಮುಂದೆ ಕೂತು ಬಲಗೈಯ ಸ್ವೆಟರ್ ತೋಳನ್ನು ಮೇಲೆ ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ.

"ಕುವೈತಲ್ಲಿ ನಾನು ಬಸುರಿ, ಐವತ್ತು ಡಿಗ್ರಿ ಸೆಕೆ. ಎಸಿ ಬ್ರೇಕರ್ ಬೀಳ್ತಾ ಇತ್ತು. ನನ್ನ ಸಂಕಟ ನೋಡ್ಲಿಕ್ಕಾಗದೆ ಇವರು ದೊಡ್ಡದು ಹಾಕಿದ್ರು. ಮೂರನೇ ದಿನ ಗೋಡೆಗೆ ಬೆಂಕಿ ಹಿಡೀತು. ಪ್ರೀತಿಯಿಂದ್ಲೇ ಹಾಕಿದ್ದು ಭರತೇಶ್." ಸಿಂಚನಾ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಕೇಬಲ್ ಎಳೆಯುವವರೆಗೆ ಅಮ್ಮ ತಮ್ಮ ಬೆಚ್ಚಗಿನ ಮನೆಯಲ್ಲಿರಲಿ ಎಂದು ಆಂಟಿ ಕರೆದುಕೊಂಡು ಹೋದರು. ಮೀನು ಮಾಂಸ ಮುಟ್ಟದ ಅಮ್ಮನ ಸಾರಿಗೆಂದೇ ಹೊಸ ಪಾತ್ರೆ ತಂದಿಟ್ಟಿದ್ದರು. ಮೀನಿಲ್ಲದೆ ತುತ್ತು ಇಳಿಯದ ಸಿರಿಲ್ ಅಂಕಲ್ ಆರು ದಿನ ಬೇಳೆಸಾರು ಉಂಡರು. ಅಮ್ಮನ ಎದೆಯೂ ಹಗುರಾಯಿತು.

ಶನಿವಾರ ಅಂಕಲ್ ಸೀಲಿಂಗಿಗೆ ಹತ್ತಿ ಬೆರಳು ದಪ್ಪದ ಕೇಬಲ್ ಎಳೆದರು, ಐವತ್ತರ ಬ್ರೇಕರ್ ಕೂರಿಸಿದರು. ಮಧ್ಯಾಹ್ನ ಅಮ್ಮ ಬರುವಷ್ಟರಲ್ಲಿ ಮನೆ ಬೆಚ್ಚಗಿತ್ತು. ಶಾಲು ತೆಗೆದಿಟ್ಟು, ಕೋಣೆ ಕೋಣೆ ಸುತ್ತಿ ಬಂದು, "ನಾಳಿನ ಟಿಕೆಟ್ ಕ್ಯಾನ್ಸಲ್ ಮಾಡಪ್ಪ. ಮಗೂನ ಎರೆಯೋಕೆ ಬಚ್ಚಲೂ ಬೆಚ್ಚಗಿದೆ" ಅಂದರು. ಸಿಂಚನಾ ಅವರನ್ನು ತಬ್ಬಿಕೊಂಡು ಈ ಸಲ ಎಲ್ಲರೆದುರೇ ಅತ್ತಳು.

ನಾನು ಹೊರಗೆ ಬಂದೆ. ಅಂಕಲ್ ಇನ್ನೂ ಬೋರ್ಡಿನ ಮುಂದೆಯೇ ಕೂತಿದ್ದರು. ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಅವತ್ತು ಕೂಗಾಡಿದ್ದಕ್ಕೆ ಸಾರಿ ಅಂಕಲ್."

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ನೀನು ಆರು ದಿನದಲ್ಲಿ ಹೇಳಿದೆ ಮಾರಾಯ. ಪೆಟ್ರೋನಿಲ್ಲಾಗೆ ಆ ಮಾತು ಹೇಳ್ಲಿಕ್ಕೆ ನನಗೆ ಎರಡು ವರ್ಷ ಬೇಕಾಯ್ತು."