ಪಿಂಡಾ ಎನ್ನಲಾರದ ಬಾಯಿ

ಡಚ್ಚರು ಕಡಲೆಕಾಯಿಗೆ ‘ಪಿಂಡಾ’ ಎನ್ನುತ್ತಾರೆ. ನೆದರ್‌ಲ್ಯಾಂಡ್ಸ್‌ಗೆ ಬಂದ ಮೊದಲ ವಾರ, ಸೂಪರ್‌ಮಾರ್ಕೆಟ್ಟಿನಲ್ಲಿ ಸಾಲಾಗಿಟ್ಟ ಬಾಟಲಿಗಳ ಮೇಲೆ ಆ ಪದ ಓದಿ ನಾನು ಗಾಡಿ ತಳ್ಳುವುದನ್ನು ನಿಲ್ಲಿಸಿಬಿಟ್ಟೆ. ಇಲ್ಲಿಗೆ ಬರುವ ಮೂರು ತಿಂಗಳು ಮುಂಚೆಯಷ್ಟೇ ನಮ್ಮ ತಂದೆಯ ಕಾರ್ಯ ಮುಗಿಸಿದ್ದೆ. ಶ್ರೀರಂಗಪಟ್ಟಣದಲ್ಲಿ ನೀರಿನ ಪಕ್ಕ ಕೂತು ಅನ್ನದ ಉಂಡೆ ಕಟ್ಟಿ, ಕಾಗೆ ಮುಟ್ಟಲಿ ಎಂದು ಅರ್ಧ ಗಂಟೆ ಕಾದಿದ್ದೆ. ಆ ಹೆಸರಿನದನ್ನು ಬೆಳಗಾಗೆದ್ದು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಜನರ ನಡುವೆ ಬಾಳುವೆ ಮಾಡಬೇಕಲ್ಲ ಎಂದು ನಗು ಬಂತು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ, ಯಾಕೆಂದರೆ ನನ್ನ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ.

ಆಗುವುದಿಲ್ಲ ಎಂದರೆ ಹೊಟ್ಟೆನೋವು, ವಾಂತಿ ಅಂಥದ್ದಲ್ಲ. ಒಂದು ಬೀಜ ಸಾಕು, ಗಂಟಲು ಮುಚ್ಚಿಕೊಳ್ಳುತ್ತದೆ. ಅವಳು ಎರಡು ವರ್ಷದವಳಿದ್ದಾಗ ಧಾರವಾಡದಲ್ಲಿ, ನನ್ನ ಹೆಂಡತಿಯ ತವರಿನಲ್ಲಿ, ಯಾರೋ ಪ್ರೀತಿಯಿಂದ ಶೇಂಗಾ ಹೋಳಿಗೆಯ ಚೂರೊಂದನ್ನು ಬಾಯಿಗಿಟ್ಟರು. ಐದು ನಿಮಿಷದೊಳಗೆ ತುಟಿ ಊದಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಮಗುವಿನ ಉಗುರು ನೀಲಿಯಾಗುವುದನ್ನು ನಾನು ನನ್ನ ತೊಡೆಯ ಮೇಲೆಯೇ ನೋಡಿದೆ. ಬದುಕಿಸಿಕೊಂಡು ಮನೆಗೆ ಬಂದರೆ ಹಿರಿಯರೊಬ್ಬರು, “ಶೇಂಗಾ ಯಾರಿಗರೆ ಒಗ್ಗೂದಿಲ್ಲಂತಾರೇನು? ದೃಷ್ಟಿ ಆಗಿರಬೇಕು, ತಗೀರಿ,” ಅಂದರು. ಆವತ್ತೇ ನನ್ನ ಹೆಂಡತಿ ಮನೆಯಲ್ಲಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಕಸಕ್ಕೆ ಸುರಿದಳು. ಧಾರವಾಡದವಳೊಬ್ಬಳು ಶೇಂಗಾ ಬಿಡುವುದು ಎಷ್ಟು ದೊಡ್ಡ ಮಾತು ಎಂದು ಆ ಕಡೆಯವರಿಗೆ ಗೊತ್ತು.

ನನ್ನ ಪಾಲಿಗೆ ಬಂದದ್ದು ಭಯ. ಮೊದಲೇ ನಾನು ಪುಕ್ಕಲ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ದಿಗಿಲು ಅನ್ನುತ್ತಾರಲ್ಲ, ಹಾಗೆ ನನಗೆ ಬಿಸ್ಕತ್ತು ಕಂಡರೂ ದಿಗಿಲು. ಪ್ರತಿ ಪೊಟ್ಟಣದ ಹಿಂಬದಿಯನ್ನು ಮೂರು ಸಲ ಓದುತ್ತೇನೆ. ಸಹಪಾಠಿಗಳ ಹುಟ್ಟುಹಬ್ಬಕ್ಕೆ ಅವಳು ಹೋದರೆ ಆ ಮನೆಯ ಬೀದಿಯಲ್ಲೇ ಸೈಕಲ್ ಹಿಡಿದುಕೊಂಡು ಅಡ್ಡಾಡುತ್ತೇನೆ. ಒಮ್ಮೆ ಯಾರೋ ಕಿಟಕಿಯಿಂದ ನೋಡಿ, ನಾನು ಯಾರೆಂದು ವಿಚಾರಿಸಲು ಹೊರಗೇ ಬಂದಿದ್ದರು. ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಇಂಥವನು ಚೈನಾಟೌನಿಗೆ ಊಟಕ್ಕೆ ಯಾಕೆ ಹೋಗುತ್ತಿದ್ದ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಬುಧವಾರ. ಇಲ್ಲಿ ಬುಧವಾರ ಮಧ್ಯಾಹ್ನದ ಮೇಲೆ ಶಾಲೆ ಇರುವುದಿಲ್ಲ. ಹೆಂಡತಿಗೆ ನೈಮೆಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ, ರೈಲಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆಯ ದಾರಿ. ನನ್ನ ಆಫೀಸು, ಮನೆ ಎರಡೂ ಹೇಗ್ ನಗರದ ಪಕ್ಕದ ರೈಸ್‌ವೈಕ್‌ನಲ್ಲೇ ಇರುವುದರಿಂದ ಬುಧವಾರದ ಅರ್ಧ ದಿನ ನಾನು ರಜೆ ಹಾಕುತ್ತೇನೆ. ಅಪ್ಪಂದಿರು ಹೀಗೆ ಮಕ್ಕಳಿಗಾಗಿ ತೆಗೆದುಕೊಳ್ಳುವ ದಿನಕ್ಕೆ ಇಲ್ಲಿ ‘ಪಾಪಾ ದಾಖ್’ ಎಂಬ ಹೆಸರೇ ಇದೆ. ದಾಖ್ ಎಂದರೆ ದಿನ. “ಪಾಪದ ದಿನಾ ಅಂತ ಅವರ ಬಾಯಿಂದನ ಬಂತು ನೋಡ್ರಿ,” ಎಂದು ಹೆಂಡತಿ ಚುಡಾಯಿಸುತ್ತಿದ್ದಳು.

ಮಗಳಿಗೆ ಆಗ ಒಂಬತ್ತು ವರ್ಷ. ಅವಳ ತರಗತಿಯವರೆಲ್ಲ ಹೇಗ್ ನಗರದ ಚೈನಾಟೌನಿಗೆ ಹೋಗಿ ಕಡ್ಡಿಯಲ್ಲಿ ನೂಡಲ್ಸ್ ತಿಂದು ಬಂದಿದ್ದರು, ಇವಳೊಬ್ಬಳನ್ನು ಬಿಟ್ಟು. ಅತ್ತು ಕರೆದು ಮಾಡಿದ ಮೇಲೆ ಹೆಂಡತಿ ಒಂದು ಕಾರ್ಡು ತಯಾರಿಸಿದಳು. ಒಂದು ಬದಿ ಡಚ್ಚಿನಲ್ಲಿ, ಇನ್ನೊಂದು ಬದಿ ಚೀನೀ ಭಾಷೆಯಲ್ಲಿ, ಕಡಲೆಕಾಯಿ ಈ ಮಗುವಿಗೆ ವಿಷ ಎಂದು ದಪ್ಪಕ್ಷರದಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ ನನ್ನ ಕೈಗೆ ಕೊಟ್ಟಳು. ಅದನ್ನು ಹಿಡಿದುಕೊಂಡು ಟ್ರಾಮ್ ಹತ್ತಿದೆವು. ಕೆಂಪು ದ್ವಾರ ದಾಟಿ, ನೇತಾಡುವ ಬಾತುಕೋಳಿಗಳ ಕಡೆ ನೋಡದೆ, ಬೀದಿಯ ನಡುವಿನ ಒಂದು ಚಿಕ್ಕ ಹೋಟೆಲು ಹೊಕ್ಕೆವು. ಅಲ್ಲಿಯ ಯಜಮಾನ ಕಾರ್ಡನ್ನು ಎರಡು ಸಲ ಓದಿ, ಒಳಗೆ ಹೋಗಿ, ಬಾಣಲೆ ತೊಳೆದು ತೋರಿಸಿದ. ಅಲ್ಲಿಂದ ಮುಂದೆ ಪ್ರತಿ ಬುಧವಾರ ನಮ್ಮದು ಅದೇ ಮೇಜು, ಅದೇ ತೋಫು, ಅದೇ ಅನ್ನ. ನಾನು ಕಾರ್ಡನ್ನು ಮೇಜಿನ ಮೇಲಿಡುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಅವಳು ಉಣ್ಣುವಷ್ಟು ಹೊತ್ತೂ ಅವಳ ತುಟಿಯನ್ನೇ ನೋಡುತ್ತಿದ್ದೆ. “ಅಪ್ಪ, ಸ್ಟಾಪ್ ಲುಕಿಂಗ್ ಅಟ್ ಮೈ ಮೌತ್,” ಎಂದು ಗೊಣಗುತ್ತಿದ್ದಳು.

ಬಾಯಿ ಬಿಡದ್ದಕ್ಕೂ ಕಾರಣವಿದೆ. ಊಟದ ಮೇಜಿನಲ್ಲಿ, ಎದುರಿಗೆ ಮಗಳನ್ನು ಕೂರಿಸಿಕೊಂಡು, ಪಿಂಡ ಎಂದು ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಬೇರೆ ಭಾಷೆ, ಬೇರೆ ಅರ್ಥ, ಎಲ್ಲ ಗೊತ್ತು. ಇಂಜಿನಿಯರಿಂಗ್ ಓದಿದ್ದೇನೆ. ಆದರೂ ಆ ಪದ ಆಡಿದ ಮೇಲೆ ಏನಾದರೂ ಆಗಿಬಿಟ್ಟರೆ? ಎಲ್ಲಾದರೂ ಕೇಳಲೇಬೇಕಾಗಿ ಬಂದಾಗ ನಾನು ‘ನೋತನ್’ ಎನ್ನುತ್ತಿದ್ದೆ. ನೋತನ್ ಎಂದರೆ ಇಂಗ್ಲಿಷಿನ ನಟ್ಸ್. ನಟ್ಸ್ ಅಂದರೆ ಎಲ್ಲವೂ ಬಂತಲ್ಲ ಎಂದು ನನ್ನ ಲೆಕ್ಕ. ಹೆಂಡತಿಗೆ ಇದು ಗೊತ್ತಾದಾಗ ರೇಗಿದಳು. “ಬಾಯಿ ತುಂಬ ಪಿಂಡಾ ಅನ್ರೀ! ಅಂದ್ರ ಏನಾಗ್ತೈತಿ? ಇಷ್ಟ್ ಓದಿ ಇದೇನ್ ಹುಚ್ಚ್ ನಿಮ್ದು?” ನಾನು ಹೂಂ ಎಂದೆ. ಅನ್ನಲಿಲ್ಲ.

ಅದು ಮೇ ತಿಂಗಳ ಒಂದು ಬುಧವಾರ. ಆ ವರ್ಷದ ಮೊದಲ ಸರಿಯಾದ ಬಿಸಿಲು. ಜಾಕೆಟ್ ಬೇಡ ಎಂದು ಮನೆಯಲ್ಲೇ ಬಿಟ್ಟು ಹೊರಟೆವು. ಚೈನಾಟೌನಿಗೆ ಬಂದರೆ ನಮ್ಮ ಹೋಟೆಲಿನ ಬಾಗಿಲ ಮೇಲೆ ಎರಡು ವಾರ ರಜೆ ಎಂಬ ಚೀಟಿ. ಕಾರ್ಡಿಗಾಗಿ ಜೇಬಿಗೆ ಕೈ ಹಾಕಿದಾಗ ಅದು ಜಾಕೆಟ್ಟಿನಲ್ಲಿ ಉಳಿದದ್ದು ನೆನಪಾಯಿತು. ವಾಪಸು ಹೋಗೋಣ ಎಂದೆ. ಮಗಳ ಮುಖ ಸಣ್ಣದಾಯಿತು. ಅಷ್ಟರಲ್ಲಿ ಮೂಲೆಯ ಇನ್ನೊಂದು ಹೋಟೆಲಿನ ಬೋರ್ಡು ಕಣ್ಣಿಗೆ ಬಿತ್ತು: ‘ಚಿನೇಸ್-ಇಂಡಿಸ್’.

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಂಡಿಯನ್ ಚೈನೀಸ್! ನಮ್ಮ ಗೋಬಿ ಮಂಚೂರಿ, ನಮ್ಮ ಫ್ರೈಡ್ ರೈಸ್! ಅದರಲ್ಲಿ ಏನೇನು ಹಾಕುತ್ತಾರೆ ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೈದಾ, ಕಾರ್ನ್‌ಫ್ಲೋರ್, ಸೋಯಾ ಸಾಸು, ಬೆಳ್ಳುಳ್ಳಿ. ಕಡಲೆಕಾಯಿಯ ಸುಳಿವೂ ಇಲ್ಲ. ಇಂಡಿಸ್ ಎಂದರೆ ಇಂಡಿಯಾ ಅಲ್ಲ, ಡಚ್ಚರು ಹಿಂದೆ ಆಳಿದ ಇಂಡೋನೇಷ್ಯಾ ಎಂದು, ಒಂದೂವರೆ ವರ್ಷದಿಂದ ಈ ದೇಶದ ಅನ್ನ ತಿನ್ನುತ್ತಿದ್ದ ನನಗೆ ಗೊತ್ತಿರಲಿಲ್ಲ.

ಒಳಗೆ ಐವತ್ತು ದಾಟಿದ ಒಬ್ಬ ಹೆಂಗಸು ಮೆನು ತಂದುಕೊಟ್ಟರು. ಗೋಬಿ ಇರಲಿಲ್ಲ. ತರಕಾರಿಯದು ಏನಿದೆ ಎಂದು ಕೇಳಿದ್ದಕ್ಕೆ ಅವರು ಎರಡು ತೋರಿಸಿದರು. ಒಂದು ಲುಂಪಿಯಾ, ಅಂದರೆ ಸ್ಪ್ರಿಂಗ್ ರೋಲ್. ಇನ್ನೊಂದರ ಹೆಸರು ಗಾಡೊ-ಗಾಡೊ. ಬೇಯಿಸಿದ ತರಕಾರಿ, ಮೇಲೆ ಸಾಸು. “ಗಡದ್ದಾಗಿ ತಿನ್ನು ಅಂತ ಹೆಸರಲ್ಲೇ ಇದೆ ಕಣೇ,” ಎಂದೆ. ಮಗಳು ಕಿಸಕ್ಕನೆ ನಕ್ಕಳು. ಆದರೂ ಅಭ್ಯಾಸಬಲ, ಕೇಳಿದೆ. “ನೋತನ್?”

“ಖೇನ್ ನೋತನ್,” ಅಂದರು ಆ ಹೆಂಗಸು. ನಟ್ಸ್ ಇಲ್ಲ.

ಅಷ್ಟು ಸಾಕಾಯಿತು ನನಗೆ. ಕಂದು ಬಣ್ಣದ ದಪ್ಪ ಸಾಸು ಹೊತ್ತ ತಟ್ಟೆ ಬಂದಾಗ ಮಂಚೂರಿ ಗ್ರೇವಿಯೇ ಎಂದುಕೊಂಡು ಅವಳಿಗೇ ಮೊದಲು ಬಡಿಸಿದೆ. ನಾನು ಲುಂಪಿಯಾ ತೆಗೆದುಕೊಂಡೆ. ತಿನ್ನುತ್ತಾ ಅವಳಿಗೆ ನನ್ನ ಕಾಲೇಜು ದಿನಗಳ ಕಥೆ ಹೇಳತೊಡಗಿದೆ. ಬಸವನಗುಡಿಯ ತಳ್ಳುಗಾಡಿಯಲ್ಲಿ ಕದ್ದು ಗೋಬಿ ತಿಂದದ್ದು, ಅದರ ಕೆಂಪು ಬಣ್ಣ ಬಿಳಿ ಅಂಗಿಗೆ ಹತ್ತಿದ್ದು, ರಕ್ತವೆಂದು ಹೆದರಿ ನಮ್ಮಮ್ಮ ಬೀದಿಯವರನ್ನೆಲ್ಲ ಕೂಗಿದ್ದು. ಅಮ್ಮನ ದನಿಯನ್ನೇ ಅಣಕಿಸಿ ತೋರಿಸಿದೆ. ಮಗಳು ನಗುತ್ತಿದ್ದಳು. ನಡುನಡುವೆ ನೀರು ಕುಡಿದಳು, ಕತ್ತು ಕೆರೆದುಕೊಂಡಳು, ಮತ್ತೆ ನೀರು ಕುಡಿದಳು. ಇದನ್ನೆಲ್ಲ ನಾನು ನೋಡಿದೆ. ಪ್ರತಿ ಬುಧವಾರ ಅವಳ ತುಟಿ ಕಾಯುತ್ತಿದ್ದವನು ಆವತ್ತು ಕಥೆ ಹೇಳುವುದರಲ್ಲಿ ಮುಳುಗಿದ್ದೆ.

ಆಮೇಲೆ ಒಂದು ಚಮಚ ಸಾಸನ್ನು ನಾನೂ ಬಾಯಿಗಿಟ್ಟೆ.

ಆ ರುಚಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಧಾರವಾಡದ ಅತ್ತೆಮನೆಯಲ್ಲಿ ವರ್ಷಗಟ್ಟಲೆ ತಿಂದಿದ್ದ ರುಚಿ. ತಲೆಯೆತ್ತಿ ಮಗಳನ್ನು ನೋಡಿದೆ. ಅವಳ ಕೆಳತುಟಿ ದಪ್ಪಗಾಗಿತ್ತು, ಕತ್ತಿನ ಮೇಲೆ ಕೆಂಪು ದದ್ದು ಏಳುತ್ತಿತ್ತು. “ಉಗಿ! ಉಗಿಯೇ!” ಎಂದು ಕಿರುಚಿದೆ. ಉಗಿಯಲು ಬಾಯಲ್ಲಿ ಏನೂ ಉಳಿದಿರಲಿಲ್ಲ, ತಟ್ಟೆ ಮುಕ್ಕಾಲು ಖಾಲಿಯಾಗಿತ್ತು. ಅವಳು ಕೆಮ್ಮಿದಳು. ಆ ಕೆಮ್ಮಿನ ಕೊನೆಗೆ, ಏಳು ವರ್ಷದ ಹಿಂದೆ ಆಟೋದಲ್ಲಿ ಕೇಳಿದ್ದ ಅದೇ ಸಿಳ್ಳೆ.

ಹೆಂಗಸು ಓಡಿ ಬಂದರು. “ನೋತನ್! ನೀವು ಖೇನ್ ನೋತನ್ ಅಂದ್ರಿ!” ಎಂದು ಕೂಗಿದೆ, ಯಾವ ಭಾಷೆಯಲ್ಲಿ ಕೂಗಿದೆನೋ ದೇವರೇ ಬಲ್ಲ.

“ಖೇನ್ ನೋತನ್!” ಅವರೂ ಕೂಗಿದರು. “ಪಿಂಡಾ! ಪಿಂಡಾ ಸೌಸ್!”

ಡಚ್ಚಿನಲ್ಲಿ ಬಾದಾಮಿ, ಗೋಡಂಬಿ, ಆಕ್ರೋಟು ನೋತನ್. ಕಡಲೆಕಾಯಿ ಅದರಲ್ಲಿ ಸೇರುವುದಿಲ್ಲ, ಅದು ಬರೀ ಪಿಂಡಾ. ಪೊಟ್ಟಣಗಳ ಮೇಲೆ ಅವೆರಡನ್ನೂ ಬೇರೆ ಬೇರೆಯಾಗಿಯೇ ಬರೆದಿರುತ್ತಾರೆ, ಮೂರು ಮೂರು ಸಲ ಓದುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ. ನಾನೇ ಸರಿಯಾದ ಮಾತು ಕೇಳಿರಲಿಲ್ಲ.

ಅವರು ಅಷ್ಟರಲ್ಲಿ ಫೋನು ತೆಗೆದು ಆಂಬುಲೆನ್ಸಿಗೆ ಹೇಳುತ್ತಿದ್ದರು. ಮಗಳ ಚೀಲದಲ್ಲಿ ಅಡ್ರಿನಲಿನ್ ಚುಚ್ಚುವ ಪೆನ್ನು ಯಾವಾಗಲೂ ಇರುತ್ತದೆ. ಕಿತ್ತಳೆ ಹಣ್ಣಿನ ಮೇಲೆ ನಾನು ಹತ್ತು ಸಲ ಅಭ್ಯಾಸ ಮಾಡಿದ್ದೆ. ಈಗ ಚೀಲದ ಜಿಪ್ಪೇ ಎಳೆಯಲಾಗಲಿಲ್ಲ. ಅವಳೇ ಎಳೆದಳು. ಪೆನ್ನು ಕೈಗೆ ಬಂತು, ಅದನ್ನು ತಲೆಕೆಳಗು ಹಿಡಿದುಕೊಂಡಿದ್ದೆ. “ಅಪ್ಪ... ಬ್ಲೂ ಕ್ಯಾಪ್... ಫಸ್ಟ್,” ಅಂದಳು. ಗಂಡಸಿನ ದನಿಯ ಹಾಗೆ ಕೇಳಿತು ಅವಳ ದನಿ. ಮುಚ್ಚಳ ಕಿತ್ತು, ಪ್ಯಾಂಟಿನ ಮೇಲಿಂದಲೇ ತೊಡೆಗೆ ಒತ್ತಿದೆ. ಹತ್ತು ಎಣಿಸಬೇಕು. ಜೋರಾಗಿ ಎಣಿಸಿದೆ. ಆರಾದ ಮೇಲೆ ಏನು ಬರುತ್ತದೆ ಎಂದು ನೆನಪಾಗಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿದೆ.

ಸಂಕಟ ಬಂದಾಗ ವೆಂಕಟರಮಣ. ಆಂಬುಲೆನ್ಸ್ ಬರುವವರೆಗಿನ ಅಷ್ಟೂ ನಿಮಿಷ ನಾನು ಯಾವ ದೇವರನ್ನು ಬಿಟ್ಟೆ ಎಂದು ನೆನಪಿಲ್ಲ. ಆ ಹೆಂಗಸು ನೆಲದ ಮೇಲೆ ಮಂಡಿಯೂರಿ ಮಗಳ ಅಂಗಾಲು ಹಿಡಿದುಕೊಂಡು ಅಳುತ್ತಿದ್ದರು. ಆಂಬುಲೆನ್ಸಿನವನು ಬಂದು, ಏನು ತಿಂದಳು ಎಂದು ನನ್ನನ್ನು ಕೇಳಿದ. ಮಗಳ ಮುಖದ ಮೇಲೆ ಮಾಸ್ಕ್ ಇಡುತ್ತಿದ್ದರು. ಅವಳ ಕಣ್ಣು ನನ್ನ ಮೇಲೇ ಇತ್ತು.

“ಪಿಂಡಾ,” ಎಂದೆ. ಸ್ಪಷ್ಟವಾಗಿ, ಎರಡು ಸಲ.

ಆಸ್ಪತ್ರೆಯಲ್ಲಿ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಮೂರು ಗಂಟೆಯ ಹೊತ್ತಿಗೆ ಉಸಿರು ಹತೋಟಿಗೆ ಬಂತು. ಅಲರ್ಜಿ ಮತ್ತೆ ಏಳುವ ಸಾಧ್ಯತೆಯಿದೆ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಏಳುವುದು ಎಂದರೆ ಏನೆಂದು ಮತ್ತೆ ಕೇಳುವ ಧೈರ್ಯ ನನಗಿರಲಿಲ್ಲ. ಪರದೆಯ ಮೇಲೆ ಓಡುತ್ತಿದ್ದ ಹಸಿರು ಗೆರೆ ನೋಡುತ್ತಾ ಕೂತೆ. ಅದು ಸ್ವಲ್ಪ ಕೆಳಗಿಳಿದರೂ ನಾನು ಎದ್ದು ನಿಲ್ಲುತ್ತಿದ್ದೆ, ನರ್ಸು ಬಂದು ಕೂರಿಸಿ ಹೋಗುತ್ತಿದ್ದಳು.

ನಾಲ್ಕೂವರೆಗೆ ನೈಮೆಗನ್‌ನಿಂದ ಹೆಂಡತಿ ಬಂದಳು. ಮಗಳನ್ನು ತಬ್ಬಿಕೊಂಡು ಅವಳ ಮೈಯೆಲ್ಲ ಸವರಿ ನೋಡಿದ ಮೇಲೆ ನನ್ನ ಕಡೆ ತಿರುಗಿ, “ಏನಂತ ಕೇಳಿದ್ರಿ?” ಎಂದಳು.

“ನೋತನ್,” ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ಬೈಗುಳ ಬರುತ್ತದೆ ಎಂದು ಕಾದೆ. ಆಸ್ಪತ್ರೆಯೆಂದು ತಡೆದುಕೊಂಡಿದ್ದಾಳೆ, ಮನೆಗೆ ಹೋದ ಮೇಲಿದೆ ನನಗೆ ಎಂದುಕೊಂಡೆ. ಅವಳು ಮಗಳ ತಲೆ ನೇವರಿಸುತ್ತಾ ಕೇಳಿದಳು. “ಬಾಯಾಗ ಯಾವಾಗ ತುರಿಕಿ ಶುರು ಆತು ಪುಟ್ಟಿ?”

“ಫಸ್ಟ್ ಬೈಟ್‌ಗೇ,” ಅಂದಳು ಮಗಳು.

“ಗೊತ್ತಾತಲ್ಲ ನಿನಗ? ಶೇಂಗಾನ ಐತಿ ಅಂತ?”

“ಹೂಂ. ಸ್ವಲ್ಪ ಗೊತ್ತಾಯ್ತು.”

“ಮತ್ತ ತಿನ್ನೂದು ಬಿಟ್ಟು ಅಪ್ಪಗ ಯಾಕ ಹೇಳಲಿಲ್ಲ?”

ಮಗಳು ನನ್ನನ್ನು ನೋಡಿದಳು. ನಾನೇನಾದರೂ ಬೇಜಾರು ಮಾಡಿಕೊಳ್ಳುತ್ತೇನೋ ಎಂದು ಅಳೆಯುವ ನೋಟ. ಆಮೇಲೆ ಅಮ್ಮನ ಕಡೆ ತಿರುಗಿ, ನನಗೆ ಕೇಳಿಸದಿರಲಿ ಎಂಬಂತೆ ದನಿ ಇಳಿಸಿದಳು.

“ಅಪ್ಪ ಯಾವಾಗ್ಲೂ ಹೆದರ್ಕೊಂಡೇ ಇರ್ತಾರಲ್ಲ ಅಮ್ಮ. ಇವತ್ತು ಒಂದಿನ ಹೆದರ್ಕೊಂಡಿರ್ಲಿಲ್ಲ. ಹಿ ವಾಸ್ ಸೋ ಹ್ಯಾಪಿ. ಸ್ಟೋರಿ ಮುಗೀಲಿ ಅಂತ ಸುಮ್ನಿದ್ದೆ.”

ಹೆಂಡತಿ ನನ್ನ ಕಡೆ ನೋಡಿದಳು. ಅವಳು ಆವತ್ತೂ ನನ್ನನ್ನು ಬೈಯಲಿಲ್ಲ, ಆಮೇಲೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.