ಆರು ಹಗ್ಗದ ಕಣ್ಣು

ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆಗೇ ನೋಡುತ್ತದೆ. ಅದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರ ಕಲಿಸಿದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ.

ನಮ್ಮೂರು ಶಹಾಪುರದ ಹತ್ತಿರ. ನಾರಾಯಣಪುರದ ನೀರು ಮೊದಲ ಸಲ ನಮ್ಮ ಹೊಲದ ಕಾಲುವೆಗೆ ಬರುವ ದಿನ ಊರ ಹೆಂಗಸರೆಲ್ಲ ಗಂಗಮ್ಮನಿಗೆ ಉಡಿ ತುಂಬಲು ಹೊರಟರು. ನಾನೂ ಹೊಸ ಕುಪ್ಪಸ ತೊಟ್ಟು ನಿಂತಿದ್ದೆ. ನೆಗೆಣ್ಣಿ ಬಾಗಿಲಿಗೆ ಅಡ್ಡ ಬಂದಳು.

"ನೀ ಎಲ್ಲಿಗಿ? ಆ ಮೆಳ್ಳಗಣ್ಣು ನೀರಿಗಿ ಬಿತ್ತಂದ್ರ ಕಾಲುವಿನೇ ಹಿಂದಕ ಹೊಳ್ಳಿ ಹೋಗ್ತದ. ಮನ್ಯಾಗ ಹೋಳಗಿ ಮಾಡು."

ಮಾಡಿದೆ. ಇಪ್ಪತ್ತು ಮಂದಿಗೆ ಹೂರಣ ರುಬ್ಬುತ್ತಾ ಒಂದೇ ಮಾತು ಹೇಳಿಕೊಂಡೆ: ಆಗಲಿ, ನನಗೂ ಒಂದು ದಿನ ಬರುತ್ತದೆ.

ಆ ದಿನ ಬರಲು ಕೆಲವು ವರ್ಷ ಬೇಕಾದವು. ನನ್ನ ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಅವಳ ಎಡಗಣ್ಣೂ ಮೂಗಿನ ಕಡೆ ಸರಿಯಿತು. ಯಾದಗಿರಿಯ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ನಮ್ಮ ಕಡೆಯವರೇ, ತಿಳಿಯುವಂತೆ ಹೇಳಿದರು.

"ನೋಡವ್ವ, ಒಂದೊಂದು ಕಣ್ಣಗುಡ್ಡಿಗಿ ಆರಾರು ಸ್ನಾಯು ಇರ್ತಾವ. ಎತ್ತಿಗಿ ಹಗ್ಗ ಇದ್ದಂಗ. ನಾಕು ನೆಟ್ಟಗ, ಎರಡು ಓರಿ. ನಿನ್ನ ಮಗಳಿಗಿ ಒಳಗಿನ ಹಗ್ಗ ಜಗ್ಗಾಕತ್ತದ."

ಆಮೇಲೆ ಅಲ್ಲಿದ್ದ ನರ್ಸಮ್ಮನ ಮೂಗಿನ ಹತ್ತಿರ ಪೆನ್ನು ತಂದು ತೋರಿಸಿದರು. ಅವಳ ಎರಡೂ ಗುಡ್ಡೆಗಳು ಮೂಗಿಗೆ ಬಂದವು! ಹತ್ತಿರದ್ದನ್ನು ನೋಡುವಾಗ ಎಲ್ಲರಿಗೂ ಹಾಗೇ ಆಗುತ್ತದಂತೆ, ಪೆನ್ನು ತೆಗೆದರೆ ಹಿಂದಕ್ಕೆ ಹೋಗುತ್ತವಂತೆ. ಇದನ್ನು ನಾನು ಮನಸ್ಸಿನಲ್ಲಿ ಜೋಪಾನವಾಗಿ ಕಟ್ಟಿಟ್ಟುಕೊಂಡೆ.

ಕಣ್ಣಗುಡ್ಡೆಯ ಒಳಗೆ, ಹಿಂಬದಿಗೆ, ಉಳ್ಳಾಗಡ್ಡಿಯ ಒಳಪೊರೆಯಷ್ಟು ತೆಳ್ಳಗಿನ ಪರದೆ ಇದೆಯಂತೆ. ಕಂಡದ್ದೆಲ್ಲ ಅದರ ಮೇಲೆ ತಲೆಕೆಳಗಾಗಿ ಬೀಳುತ್ತದೆ, ನರ ಅದನ್ನು ಮೆದುಳಿಗೆ ಒಯ್ಯುತ್ತದೆ. ಎರಡು ಕಣ್ಣು ಎರಡು ಕಡೆ ನೋಡಿದರೆ ಮೆದುಳು ಬೇಸತ್ತು ಒಂದರ ಸುದ್ದಿ ಕೇಳುವುದನ್ನೇ ಬಿಡುತ್ತದೆ.

"ಪರದಿ ಛಲೋ ಅದ. ಮೆದುಳೇ ತಗೊಳವಲ್ದು. ಛಲೋ ಕಣ್ಣಿಗಿ ದಿನಾ ನಾಕು ತಾಸು ಪಟ್ಟಿ ಹಚ್ಚು, ಆವಾಗ ಇದು ಕೆಲಸ ಕಲೀತದ. ಈಗ ಬಿಟ್ಟಿ ಅಂದ್ರ ದೊಡ್ಡಕಿ ಆದ ಮ್ಯಾಲ ಯಾರ ಕೈಲೂ ಆಗಂಗಿಲ್ಲ."

ನನಗೆ ಚೆನ್ನಾಗಿ ತಿಳಿಯಿತು. ನಮ್ಮ ಹೊಲ ಕಾಲುವೆಯ ಕೊನೆಗಿದೆ. ಮೇಲಿನವರ ಗೇಟು ಮುಚ್ಚದೆ ನಮಗೆ ನೀರು ಬಂದದ್ದುಂಟೇ? ನನ್ನ ಕಣ್ಣಿನ ಕಾಲ ಮುಗಿದಿತ್ತು. ಮಗಳದ್ದು ಮುಗಿಯಬಾರದಿತ್ತು.

ಬೆಳಿಗ್ಗೆ ಅವಳ ಬಲಗಣ್ಣಿಗೆ ಪಟ್ಟಿ ಹಚ್ಚಿ, ನೆಗೆಣ್ಣಿಯ ಬಳಿ ಬಿಟ್ಟು, ನೆಲ್ಲು ನಾಟಿಗೆ, ಕಳೆ ಕೀಳಲು ಹೋಗುತ್ತಿದ್ದೆ. ಮೂರು ತಿಂಗಳಾದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ ಮುಖ ಸಣ್ಣದು ಮಾಡಿದರು. "ಏನೂ ಸುಧಾರಿಸಿಲ್ಲವ್ವ. ಪಟ್ಟಿ ಹಚ್ಚಿದೇನು ಖರೇ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಎಡಗಣ್ಣು ಮುಟ್ಟಿ ತೋರಿಸಿದಳು. "ನೀ ಹೋದ ಮ್ಯಾಲ ದೊಡ್ಡವ್ವ ಕಿತ್ತಿ ಈ ಕಣ್ಣಿಗಿ ಹಚ್ಚತಾಳ."

ಬಸ್ಸಿಳಿದು ಮನೆಗೆ ಬಂದು ಕೇಳಿದರೆ ನೆಗೆಣ್ಣಿಗೆ ನಾಚಿಕೆಯೂ ಇಲ್ಲ.

"ಛಲೋ ಕಣ್ಣು ಯಾರರ ಮುಚ್ಚತಾರೇನ ಬೇ? ಕೆಟ್ಟದ್ದನ್ನ ಮುಚ್ಚಬೇಕು. ಹೈನದ ಮನಿ, ಹಾಲಿನ ಮ್ಯಾಲ ಆ ಕಣ್ಣು ಬೀಳಬಾರದು."

ಕೂಗಾಡಬಹುದಿತ್ತು. ಕೂಗಿದರೆ ಅವಳು ಎರಡು ದಿನದಲ್ಲಿ ಮರೆಯುತ್ತಿದ್ದಳು. ನನಗೆ ಅವಳು ಮರೆಯುವುದು ಬೇಕಿರಲಿಲ್ಲ.

"ಹೋಗ್ಲಿ ಬಿಡಕ್ಕ," ಎಂದೆ ಮೆತ್ತಗೆ. "ಆದ್ರ ಡಾಕ್ಟರ್ ಒಂದು ಮಾತು ಹೇಳ್ಯಾರ. ಪಟ್ಟಿ ಅದಲಿಬದಲಿ ಮಾಡ್ದವರ ಕಣ್ಣಿನ ಹಗ್ಗ ಜಗ್ಗತಾವಂತ. ಆರು ಹಗ್ಗ ಇರ್ತಾವ, ಮೊದಲ ಒಳಗಿಂದೇ ಜಗ್ಗೂದಂತ."

"ಸುಳ್ಳು!"

"ಆಗ್ಲಿ, ಸುಳ್ಳು. ನನ್ನ ಬೆರಳು ನೋಡು."

ಬೆರಳನ್ನು ಮೆಲ್ಲಗೆ ಅವಳ ಮೂಗಿನ ತುದಿಗೆ ತಂದೆ. ಎದುರಿಗೆ ಕುಳಿತಿದ್ದ ಮಗಳು ಚಪ್ಪಾಳೆ ತಟ್ಟಿದಳು. "ಯವ್ವಾ! ದೊಡ್ಡವ್ವನ ಕಣ್ಣು ನನ್ನಂಗ ಆದ್ವು!"

ಮಗು ಸುಳ್ಳು ಹೇಳುವುದಿಲ್ಲ ಎಂದು ನೆಗೆಣ್ಣಿಗೆ ಗೊತ್ತು. ಕನ್ನಡಿಗೆ ಓಡಿದಳು. ಕನ್ನಡಿಯಲ್ಲಿ ನೆಟ್ಟಗೇ ಕಂಡವು. "ಬರ್ತದ, ಹೋಗ್ತದ, ಮೊದಮೊದಲ ಹಂಗೇ," ಎಂದೆ.

ಮರುದಿನವೇ ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತಳು. ಅಂದಿನಿಂದ ಮಗಳ ಬಲಗಣ್ಣಿನ ಪಟ್ಟಿಯನ್ನು ಅವಳೇ ಕಾದಳು. ಮಗು ಕಿತ್ತರೆ ಹಿಂದೆ ಓಡಿಹೋಗಿ ಮತ್ತೆ ಅಲ್ಲಿಗೇ ಹಚ್ಚುತ್ತಿದ್ದಳು. ನಡುನಡುವೆ ನನ್ನ ಮುಂದೆ ಬಂದು ನಿಲ್ಲುತ್ತಿದ್ದಳು.

"ಏ ತಂಗಿ, ಖರೇ ಹೇಳು. ನೆಟ್ಟಗ ಅವ?"

ನಾನು ಸಾವಕಾಶ ನೋಡಿ, ತಲೆ ಓರೆ ಮಾಡಿ ಹೇಳುತ್ತಿದ್ದೆ: "ಎಡಗಡಿದು... ಒಂಚೂರು."

ಮುಂದಿನ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟಾಗ ಹೆಂಗಸರು ಮತ್ತೆ ಉಡಿ ಸಾಮಾನು ಹಿಡಿದು ಹೊರಟರು. ನೆಗೆಣ್ಣಿ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ನೀ ಹೋಗು," ಎಂದಳು ನೆಲ ನೋಡುತ್ತಾ. "ಹೋದ ವರ್ಷ ಬೆಳಿ ಛಲೋ ಬಂದಾದ. ನನ್ನ ಕಣ್ಣು ನೀರಿಗಿ ಬೀಳೂದು ಬ್ಯಾಡ."

"ಹೂಂ. ಹೋಳಗಿ ಮಾಡಿಡಕ್ಕ. ಇಪ್ಪತ್ತು ಮಂದಿ ಅದಾರ."

ಕಾಲುವೆಯ ದಂಡೆಯಲ್ಲಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತೆ. ನೀರು ಕಸಕಡ್ಡಿ, ನೊರೆ ನೂಕಿಕೊಂಡು ಬಂತು. ಕಣ್ಣು ತುಂಬ ನೋಡಿದೆ, ಬೇಕೆಂದೇ ಎಡಗಣ್ಣಿನಿಂದಲೂ ನೋಡಿದೆ. ಕಾಲುವೆ ಹಿಂದಕ್ಕೆ ಹೊರಳಲಿಲ್ಲ.

ಮಗಳ ಬಲಗಣ್ಣಿಗೆ ಪಟ್ಟಿ ಇತ್ತು. ಎಡಗಣ್ಣನ್ನೇ ಕಿರಿದು ಮಾಡಿ ಬಗ್ಗಿದಳು. "ಯವ್ವಾ, ನೊರಿ ಮ್ಯಾಲ ಇರಬಿ ಕುಂತದ!"

ನನಗೆ ನೊರೆ ಕಂಡಿತು, ಇರುವೆ ಕಾಣಲಿಲ್ಲ. ಪಕ್ಕದವಳನ್ನು ಕೇಳಿದೆ. "ಹೌದಬೇ, ಅದ," ಎಂದಳು.

ಮುಂದೆ ಡಾಕ್ಟರು ಚಿಕ್ಕದೊಂದು ಆಪರೇಷನ್ ಮಾಡಿ ಒಳಗಿನ ಹಗ್ಗ ಸಡಿಲಿಸಿದರು. ಈಗ ಮಗಳ ಕಣ್ಣು ನೆಟ್ಟಗಿವೆ, ಅವಳೇ ನನಗೆ, ಇದನ್ನು ಬರೆಯುತ್ತಿರುವ ಈ ಫೋನಿನಲ್ಲಿ ಅಕ್ಷರ ಒತ್ತುವುದನ್ನು ಕಲಿಸಿದಳು. ಆ ಮೂರು ತಿಂಗಳನ್ನು ಮಾತ್ರ ನಾನು ಕ್ಷಮಿಸಿಲ್ಲ.

ನೆಗೆಣ್ಣಿ ಈಗ ಇಲ್ಲೇ ಕಟ್ಟೆಯ ಮೇಲೆ ಕುಳಿತಿದ್ದಾಳೆ, ತಲೆ ಪೂರ್ತಿ ಬೆಳ್ಳಗಾಗಿದೆ. ಈಗಷ್ಟೇ ಕೇಳಿದಳು. "ಏ ತಂಗಿ, ಆ ಫೋನ್ ಇಡು. ಇವತ್ತು ನೋಡು, ನೆಟ್ಟಗ ಅವ?"

ಫೋನು ಇಟ್ಟೆ. ಸಾವಕಾಶ ನೋಡಿದೆ. ತಲೆ ಓರೆ ಮಾಡಿದೆ.

"ಎಡಗಡಿದು, ಅಕ್ಕ... ಒಂಚೂರು."